ಎಡೆಗೆ ಮೊದಲೇ ರುಚಿ ನೋಡಿದವಳು

ಹುಳಿಮಾವು
9 ಜನವರಿ 2025, ಗುರುವಾರ

ಮಗಳು ಚೈತ್ರಳಿಗೆ ಅಮ್ಮನ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಮೊದಲು ಬರೆಯುವುದು ವಾಡಿಕೆ. ಚೆನ್ನಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇದು ಫೋನಿನಲ್ಲಿ ಹೇಳುವ ವಿಷಯವಲ್ಲ. ನೀನು ಒಲೆ ಮುಂದೆ ನಿಂತು ಸ್ಪೀಕರ್ ಹಾಕಿಕೊಂಡು ಮಾತಾಡುತ್ತೀಯ. ನಡುಮನೆಯಲ್ಲಿ ನಿನ್ನ ಅತ್ತೆ ಟಿವಿಯ ಸದ್ದು ಕಡಿಮೆ ಮಾಡುತ್ತಾರೆ. ನನಗೆ ತಿಳಿಯುವುದಿಲ್ಲ ಅಂದುಕೊಂಡಿದ್ದಾರೆ. ನಾಳೆ ಬೈರಣ್ಣ ಜಯನಗರಕ್ಕೆ ತರಕಾರಿ ತಂದಾಗ ಇದನ್ನು ನಿನ್ನ ಕೈಗೇ ಕೊಡುತ್ತಾನೆ. ಲಕೋಟೆಗೆ ಅಂಟು ಹಾಕಿದ್ದೇನೆ. ಬಿಚ್ಚಿದ ಗುರುತಿದ್ದರೆ ನನಗೆ ತಿಳಿಸು.

ನಿನ್ನ ಅತ್ತಿಗೆ ಶಿಲ್ಪಶ್ರೀ ಭಾನುವಾರ ಸಂಜೆ ಸುದ್ದಗುಂಟೆಪಾಳ್ಯಕ್ಕೆ, ತನ್ನ ತವರಿಗೆ ಹೋದಳು. ಇನ್ನೂ ಬಂದಿಲ್ಲ. ಅವಳ ತಾಯಿಗೆ ಹುಷಾರಿಲ್ಲ ಎಂದು ನಿನ್ನ ಅಣ್ಣ ನಂದಕುಮಾರ ನಿನಗೆ ಹೇಳಿರಬಹುದು. ಅದು ಸುಳ್ಳು. ಹೋಗು ಎಂದವಳು ನಾನು.

ನಮ್ಮ ಭಾನುವಾರದ ಪದ್ಧತಿ ನಿನಗೆ ಗೊತ್ತು. ಸುತ್ತ ಅಪಾರ್ಟ್‌ಮೆಂಟ್ ಎದ್ದರೂ ನಮ್ಮ ಮೂವತ್ತು ಗುಂಟೆಯನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ಸಗಣಿ ಗೊಬ್ಬರ ಬಿಟ್ಟು ಬೇರೆ ಏನನ್ನೂ ಆ ಮಣ್ಣಿಗೆ ತೋರಿಸಲಿಲ್ಲ. ನಮ್ಮಲ್ಲಿ ಸೊಪ್ಪು, ತರಕಾರಿ ಕೊಳ್ಳುವ ಹನ್ನೆರಡು ಮನೆಯವರು ವಾರಕ್ಕೊಮ್ಮೆ ಬಂದು, ತಮಗೆ ಬೇಕಾದ್ದನ್ನು ತಾವೇ ಕಿತ್ತುಕೊಂಡು, ಹೊಂಗೆ ಮರದ ಕೆಳಗೆ ನಮ್ಮ ಜೊತೆಯಲ್ಲೇ ಕೂತು ಮುದ್ದೆ, ಬಸ್ಸಾರು ಉಣ್ಣುತ್ತಾರೆ. ಅದಕ್ಕೂ ಮೊದಲು ಬದುವಿನ ಮೇಲಿರುವ ಮಾರಮ್ಮನ ಕಲ್ಲಿಗೆ ಎಡೆ. ಎಡೆ ಆಗುವ ತನಕ ಸಾರನ್ನು ಯಾರೂ ನಾಲಿಗೆಗೆ ತಾಕಿಸುವಂತಿಲ್ಲ, ಮಾಡಿದವಳೂ ಅಷ್ಟೆ. ನಾನು ಮುಚ್ಚಳ ತೆಗೆದು ಹಬೆಗೆ ಮುಖ ಒಡ್ಡಿ, ವಾಸನೆಯಲ್ಲೇ ಅಳೆದು ಉಪ್ಪು ಹಾಕುತ್ತೇನೆ. ನಮ್ಮ ಅತ್ತೆ ಹಾಗೇ ಕಲಿಸಿದರು. ನಲವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ.

ದೀಪಾವಳಿಯ ನಂತರ ನನಗೆ ಅನುಮಾನ ಶುರುವಾಯಿತು. ನಾನು ಎಡೆಗೆಂದು ಸೀರೆ ಬದಲಾಯಿಸಿ ಬರುವಷ್ಟರಲ್ಲಿ ಸಾರಿನ ಪಾತ್ರೆ ತುಂಬಿರುತ್ತಿತ್ತು, ನಾನಿಟ್ಟಾಗ ಅಷ್ಟಿರಲಿಲ್ಲ. ಒಣಗಿದ್ದ ಸೌಟು ಒದ್ದೆಯಾಗಿರುತ್ತಿತ್ತು. ಒಂದು ವಾರ ಮುಚ್ಚಳದ ಹಿಡಿಯನ್ನು ನಲ್ಲಿಯ ಕಡೆಗೆ ತಿರುಗಿಸಿಟ್ಟು ಹೋದೆ. ಬಂದು ನೋಡಿದರೆ ಅದು ಕೆರೆಯ ಕಡೆಗಿತ್ತು. ಅದೇ ದಿನ ನಾಲ್ಕನೇ ಬ್ಲಾಕಿನ ಕಾತ್ಯಾಯಿನಿ ಮೇಡಂ ಊಟ ಮಾಡುತ್ತಾ ಶಿಲ್ಪಶ್ರೀಯ ಕಿವಿಯ ಹತ್ತಿರ ಬಗ್ಗಿ "ಇವತ್ತು ಸಖತ್ತಾಗಿದೆ ಕಣಮ್ಮ, ನಿಂದೇ ಕೈ ಅಲ್ವಾ?" ಎಂದು ಕೇಳಿ ನಕ್ಕರು. ನಾನು ಎರಡು ಮಾರು ದೂರದಲ್ಲಿ ಮುದ್ದೆ ಬಡಿಸುತ್ತಿದ್ದೆ. ನನ್ನ ಕಿವಿ ನೆಟ್ಟಗಿದೆ.

ಆಮೇಲೆ ನನಗೆ ನಿದ್ದೆ ಬರಲಿಲ್ಲ. ನನ್ನ ಸೌಟು ಕಿತ್ತುಕೊಳ್ಳುವ ಹಂಚಿಕೆ ಇದು ಎಂದುಕೊಂಡೆ. ಇವತ್ತು ಸಾರು, ನಾಳೆ ಅಡುಗೆಮನೆ, ನಾಳಿದ್ದು ತೋಟವನ್ನು ಯಾರಿಗಾದರೂ ತೋರಿಸಿ ರೇಟು ಕೇಳುತ್ತಾಳೆ ಎಂದುಕೊಂಡೆ.

ಮೊನ್ನೆ ಭಾನುವಾರ ಉಪ್ಪು ಹಾಕಿ, ಕದಡಿ, ಒಂದು ಚೊಂಬು ಸಾರನ್ನು ತೆಗೆದು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವಳು ಬೆರೆಸುವುದು ಏನೆಂದು ಆಮೇಲೆ ಎಲ್ಲರ ಮುಂದೆ ತಾಳೆ ನೋಡೋಣ ಎಂದು. ಸೀರೆ ಬದಲಾಯಿಸಿ ಬರುತ್ತೇನೆ ಎಂದು ಹೇಳಿ ಪಂಪ್ ಮನೆಯೊಳಗೆ ಹೋಗಿ ಕಿಂಡಿಯಲ್ಲಿ ಹೊರಗಿನ ಒಲೆಯನ್ನೇ ನೋಡುತ್ತಾ ನಿಂತೆ.

ಅವಳು ಆ ಕಡೆ ಈ ಕಡೆ ನೋಡಿದಳು. ಅಂಗೈಗೆ ಒಂದು ಹನಿ ಸಾರು ಬಿಟ್ಟುಕೊಂಡು ನೆಕ್ಕಿದಳು. ಎಡೆ ಆಗಿಲ್ಲ, ಚೈತ್ರ! ನಂತರ ನಾಲ್ಕು ಸೌಟು ಸಾರು ತೆಗೆದು ಬಕೆಟ್ಟಿಗೆ ಸುರಿದಳು. ಗೋಣಿಚೀಲದ ಮರೆಯಲ್ಲಿಟ್ಟಿದ್ದ ಇನ್ನೊಂದು ಪಾತ್ರೆಯಿಂದ ಬೇಯಿಸಿದ ಬೇಳೆ, ಸೊಪ್ಪು ಬಸಿದ ಕಟ್ಟು ತಂದು ನನ್ನ ಸಾರಿಗೆ ಸೇರಿಸಿದಳು. ಕೈ ತೊಳೆದು ಮತ್ತೊಂದು ಹನಿ ಬಿಟ್ಟುಕೊಂಡು ನೆಕ್ಕಿದಳು.

ನಾನು ಈಚೆ ಬಂದು ಕೂಗಾಡಿದೆ. "ಮಾರಮ್ಮಂಗೆ ಎಂಜಲು ಇಡ್ತೀಯೇನೇ? ಎಷ್ಟು ವಾರದಿಂದ ನಡೀತಿದೆ ಈ ಕೆಲಸ?" ಎಂದೆ. ಗೇಟಿನ ಹತ್ತಿರ ಕಾರು ನಿಲ್ಲಿಸುತ್ತಿದ್ದವರೂ ತಿರುಗಿ ನೋಡಿದರು. ಅವಳು "ಅತ್ತೆ, ಒಳಗೆ ಬನ್ನಿ, ಹೇಳ್ತೀನಿ" ಅಂದಳು. ಒಳಗೆ ಹೋಗಲು ನಾನೇನು ತಪ್ಪು ಮಾಡಿದವಳೆ? "ನನ್ನ ಅಡುಗೆಮನೆಗೆ ಇನ್ಮೇಲೆ ಕಾಲಿಡಬೇಡ" ಎಂದೆ. ನಿನ್ನ ಅಣ್ಣ "ಬಿಡಮ್ಮ, ಜನ ಬಂದವ್ರೆ" ಎಂದನೇ ಹೊರತು ಅವಳನ್ನು ಒಂದು ಮಾತು ಕೇಳಲಿಲ್ಲ. ಅವಳು ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆಸಿ, ಸಂಜೆ ಹೋದಳು. ಉಂಡು ಹೋಗಲಿಲ್ಲ.

ಅವಳು ಹೋದ ಮೇಲೆ ಬೈರಣ್ಣನನ್ನು ಕೂರಿಸಿಕೊಂಡು ಬೀರು ತೆಗೆದೆ. ಉಳಿದಿದ್ದ ಸಾರು ಒಂದು ಲೋಟ, ಚೊಂಬಿನದು ಒಂದು ಲೋಟ. ಯಾವುದು ಯಾರದೆಂದು ಹೇಳಲಿಲ್ಲ. ಮೊದಲನೆಯದನ್ನು ಕುಡಿದು ಇನ್ನೊಂದು ಲೋಟ ಕೇಳಿದ. ಎರಡನೆಯದು ಬಾಯಿಗೆ ಹೋದದ್ದೇ ತಡ, ಓಡಿ ಹೋಗಿ ತುಳಸಿ ಗಿಡದ ಬುಡಕ್ಕೆ ಉಗುಳಿದ. "ಅಕ್ಕಾ, ಇದೇನು ಸಾರಾ, ಉಪ್ಪಿನಕಾಯಿ ಹಾಕೋ ನೀರಾ?" ಎಂದ.

ಅವನನ್ನೂ ಶಿಲ್ಪಶ್ರೀ ಒಳಗೆ ಹಾಕಿಕೊಂಡಿದ್ದಾಳೆ ಅನ್ನಿಸಿತು. ನಾನೇ ಕುಡಿದು ನೋಡಿದೆ. ನಾಲಿಗೆ ಉರಿಯಿತು. ಚೊಂಬಿಗೆ ಯಾರಾದರೂ ಉಪ್ಪು ಸುರಿದರೋ ಎಂದೂ ಯೋಚಿಸಿದೆ. ಆದರೆ ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.

ಈಗಿನ ಪುಡಿ ಉಪ್ಪಿನ ಅಳತೆ ನನ್ನ ಕೈಗೆ ಹತ್ತುವುದಿಲ್ಲ. ಅಷ್ಟೆ, ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ. ದೀಪಾವಳಿಯಿಂದ ಅವಳು ಪ್ರತಿ ವಾರವೂ ಅದನ್ನು ಸರಿಮಾಡಿದ್ದಾಳೆ, ನನಗಾಗಲಿ ಬಂದವರಿಗಾಗಲಿ ಒಂದು ಮಾತು ಹೇಳಿಲ್ಲ. ಕಾತ್ಯಾಯಿನಿ ಮೇಡಂ ಊಹಿಸಿರಬೇಕು. ನಿನಗೂ ಗೊತ್ತಿತ್ತೇ? ಕಾರ್ತೀಕದಲ್ಲಿ ಬಂದಾಗ ನನ್ನ ಕೈಯ ಹುಳಿ ಬೇಡವೆಂದು ಬರೀ ಮೊಸರನ್ನ ಉಂಡು ಹೋದೆಯಲ್ಲ. ನಿಜ ಹೇಳು.

ಈಗ ನೀನು ಮಾಡಬೇಕಾದ್ದು ಇಷ್ಟು. ಶನಿವಾರ ಸುದ್ದಗುಂಟೆಪಾಳ್ಯಕ್ಕೆ ಹೋಗಿ ಅವಳನ್ನು ಕರೆದುಕೊಂಡು ಬಾ. ನಾನು ಕಳಿಸಿದೆ ಎನ್ನಬೇಡ. ನಾಲ್ಕು ದಿನದಿಂದ ನಿನ್ನ ಅಣ್ಣ ಪಾತಿಗೆ ನೀರು ಬಿಡುವುದನ್ನು ನೋಡಲಾಗುತ್ತಿಲ್ಲ, ಒಂದು ಕಡೆ ಕೊಳೆಯುತ್ತದೆ, ಇನ್ನೊಂದು ಕಡೆ ಒಣಗುತ್ತದೆ. ಮಾರಮ್ಮ ನನ್ನ ಕನಸಿಗೆ ಬಂದು, ಇನ್ನು ಮೇಲೆ ಸಪ್ಪೆ ಎಡೆ ಸಾಕು ಅಂದಳೆಂದು ಮನೆಯಲ್ಲಿ ಆಗಲೇ ಹೇಳಿದ್ದೇನೆ. ಅವಳಿಗೂ ಹಾಗೇ ಹೇಳು. ಉಪ್ಪು ಹಾಕುವ ಮೊದಲೇ ದೇವರಿಗೆ ತೆಗೆದಿಟ್ಟರೆ, ಆಮೇಲೆ ಯಾರು ರುಚಿ ನೋಡಿದರೂ ಎಂಜಲಾಗುವುದಿಲ್ಲ. ಉಪ್ಪಿನ ಡಬ್ಬಿಯನ್ನು ಅವಳ ಕೈಗೆಟುಕುವ ಶೆಲ್ಫಿಗೆ ಇಳಿಸಿಟ್ಟಿದ್ದೇನೆ. ಕನಸು ಯಾವ ದಿನ ಬಿತ್ತು ಎಂದು ಕೇಳಿದರೆ ಮಂಗಳವಾರ ಅನ್ನು.

ಕ್ಷಮೆ ಗಿಮೆ ಎಂದು ನೀನಾಗಿ ಏನೂ ಸೇರಿಸಬೇಡ.

ನಿನ್ನ ಅತ್ತೆಗೆ ನಮಸ್ಕಾರ ತಿಳಿಸು. ಕಾಗದ ಓದಿ ಹರಿದು ಹಾಕು.

ಇಂತಿ ನಿನ್ನ ತಾಯಿ,
ಸೊಣ್ಣಮ್ಮ

ಮರೆತ ಮಾತು: ಚೀಲದಲ್ಲಿ ಈ ವರ್ಷದ ಮೊದಲ ಅವರೆಕಾಯಿ ಇದೆ. ಗೌರಿ ಹಬ್ಬದ ಹೊತ್ತಿಗೆ ಜ್ವರ ಬಂದಿತ್ತಲ್ಲ, ಅಲ್ಲಿಂದ ನನಗೆ ಯಾವ ವಾಸನೆಯೂ ಹತ್ತುತ್ತಿಲ್ಲ. ಹೂವಿನದಿಲ್ಲ, ಸಗಣಿಯದಿಲ್ಲ, ಸಾರಿನದೂ ಇಲ್ಲ. ಇದನ್ನು ನಿನ್ನ ಅಣ್ಣನಿಗೂ ಹೇಳಿಲ್ಲ. ಕಾಯಿಗೆ ಸೊಗಡು ಕಟ್ಟಿದೆ ಎಂದು ಬೈರಣ್ಣ ಹೇಳುತ್ತಾನೆ, ನನ್ನ ಸಮಾಧಾನಕ್ಕೆ ಹೇಳುತ್ತಾನೋ ಏನೋ. ನೀನೂ ಹಾಗೇ ಹೇಳುತ್ತೀಯ. ಅರ್ಧ ಕಾಯಿ ಸುದ್ದಗುಂಟೆಪಾಳ್ಯಕ್ಕೆ ತೆಗೆದುಕೊಂಡು ಹೋಗಿ ಶಿಲ್ಪಶ್ರೀಗೆ ಕೊಡು. ಅವಳು ಮೂಸಿ ಇದೆ ಎಂದರೆ, ಇದೆ.