ನನಗೂ ಕೇಳಿಸಿತು

ಸೋಮವಾರ ಸಂಜೆ,
ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಪುಟ್ಟೀ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀ ಎಂದು ಕೇಳುವುದನ್ನು ಕಾಗದದ ಕೊನೆಗೆ ಇಟ್ಟುಕೊಂಡಿದ್ದೇನೆ. ಅಷ್ಟು ಹೊತ್ತಿಗೆ ಸಿಟ್ಟು ಇಳಿದಿದ್ದರೆ ಕೇಳುತ್ತೇನೆ. ಫೋನ್ ಮಾಡುವುದು ಬಿಟ್ಟು ಅಮ್ಮ ಕಾಗದ ಬರೆಯುತ್ತಾ ಕೂತಿದ್ದಾಳಲ್ಲ ಎಂದು ನೀನು ಹುಬ್ಬೇರಿಸಬಹುದು. ನಿನ್ನ ಆ್ಯಪ್ ನನ್ನ ಫೋನಿನೊಳಗೆ ಇಪ್ಪತ್ತನಾಲ್ಕು ಗಂಟೆಯೂ ಕಿವಿ ನಿಮಿರಿಸಿಕೊಂಡು ಕೂತಿದೆ. ಅದರ ಯಜಮಾನಿಯ ಮೇಲಿನ ದೂರನ್ನು ಅದರ ಮುಂದೆಯೇ ಹೇಳುವಷ್ಟು ಪೆದ್ದಿ ನಾನಲ್ಲ.

ಈ ವಿಷಯ ನೀನು ಎತ್ತಿದ ದಿನವೇ ನನಗೆ ಗುಮಾನಿ ಬಂದಿತ್ತು. ಕಿವಿ ಕೇಳದವರಿಗಾಗಿ ಮಾಡಿದ ಆ್ಯಪ್ ಅಂದೆ. ಬಾಗಿಲ ಬೆಲ್ ಬಾರಿಸಿದರೆ, ಕುಕ್ಕರ್ ಕೂಗಿದರೆ, ಹೊಗೆಯ ಅಲಾರಂ ಕಿರುಚಿದರೆ ಫೋನು ನಡುಗಿ, ಇಂಥ ಸದ್ದು ಅಂತ ಬರೆದು ತೋರಿಸುತ್ತದೆ ಅಂದೆ. ಎಲ್ಲರ ಕೈಗೆ ಕೊಡುವ ಮೊದಲು ಪರೀಕ್ಷಕರು ಬೇಕು, ಹೊಗಳುವವರು ಬೀದಿಗೊಬ್ಬರು ಸಿಗುತ್ತಾರೆ, ಇದ್ದದ್ದನ್ನು ಇದ್ದ ಹಾಗೆ ಹೇಳುವವರು ಸಿಗುತ್ತಿಲ್ಲ ಅಂತ ಗೋಳಾಡಿದೆ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ, ಎರಡು ಗುಂಪು ಮಾಡಿದ್ದೇವೆ, ಕಿವಿ ಮಂದವಾಗಿರುವವರದು ಒಂದು, ಚೆನ್ನಾಗಿ ಕೇಳಿಸುವವರದು ಇನ್ನೊಂದು, ನಿನ್ನನ್ನು ಯಾವುದಕ್ಕೆ ಹಾಕಲಿ ಎಂದು ಕೇಳಿದೆಯಲ್ಲ, ಅದೇನು ಪ್ರಶ್ನೆ? ಫ್ಯಾನಿನ ಕಾರ್ಖಾನೆಯ ಕೊನೆಯ ಕೋಣೆಯಲ್ಲಿ ಕೂತು, ಪ್ರತಿಯೊಂದು ಫ್ಯಾನನ್ನೂ ಓಡಿಸಿ, ಅದರ ಸದ್ದು ಕೇಳಿಯೇ ಹಸಿರು ಚೀಟಿ ಅಂಟಿಸುವವಳು ನಿನ್ನ ಅಮ್ಮ. ಅವಳನ್ನು ಯಾವ ಗುಂಪಿಗೆ ಅಂತ ಕೇಳುತ್ತಾರೆಯೇ? ಅದೂ ಒಂದು ಸಲವಲ್ಲ. ನಾನು ಉತ್ತರ ಕೊಟ್ಟ ಮೇಲೆ, ಸರಿಯಾಗಿ ಯೋಚಿಸಿ ಹೇಳಮ್ಮ ಅಂತ ಇನ್ನೊಂದು ಸಲ.

ಆದರೂ ಮಗಳು ಕೇಳಿದಳಲ್ಲ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡಿದ್ದಷ್ಟೇ ಅಲ್ಲ, ನಿನಗೆ ಜನ ಹುಡುಕಲು ಕಾಲು ಸವೆಸಿದೆ. ನಿನ್ನ ಚಿಕ್ಕಪ್ಪನನ್ನು ಹಿಡಿದು ತಂದರೆ ಅವನು ಆ್ಯಪ್ ಹಾಕಿಸಿಕೊಂಡ ಮಾರನೆಯ ದಿನವೇ ತೆಗೆದು ಹಾಕಿದ, ಇಸ್ಪೀಟಿನ ಆಟಕ್ಕೆ ಜಾಗ ಸಾಲದಂತೆ. ನಿನ್ನ ದೊಡ್ಡಮ್ಮ ತಾನೂ ಸೇರುತ್ತೇನೆ ಅಂತ ದುಂಬಾಲು ಬಿದ್ದಳು. ಬೇಡ ಅಂದೆ. ಅವಳು ಸೀದುಹೋದ ಅನ್ನಕ್ಕೂ ಬಹಳ ರುಚಿಯಾಗಿದೆ ಅನ್ನುವವಳು, ಅವಳ ವರದಿ ಇಟ್ಟುಕೊಂಡು ನೀನು ಏನು ಮಾಡುತ್ತೀ? ಹೀಗೆ ಆರಿಸಿ ತೂಗಿ ಜನರನ್ನು ಕೊಟ್ಟವಳಿಗೆ ನೀನು ಮಾಡಿದ್ದೇನು ಎಂಬುದು ನೆನ್ನೆ ಗೊತ್ತಾಯಿತು. ಅದಕ್ಕೆ ಬರುತ್ತೇನೆ, ತಾಳು.

ಮೊದಮೊದಲು ಎಲ್ಲ ನೆಟ್ಟಗಿತ್ತು. ಫೋನು ನಡುಗುವುದು, ಬಾಗಿಲ ಬೆಲ್ ಅನ್ನುವುದು, ಕೆಳಗೆ ಎರಡು ಗುಂಡಿ ಬರುವುದು. 'ನನಗೂ ಕೇಳಿಸಿತು' ಒಂದು, 'ಕೇಳಿಸಲಿಲ್ಲ' ಇನ್ನೊಂದು. ನಾನು ಮೊದಲನೆಯದನ್ನು ಒತ್ತಿ ಬಾಗಿಲು ತೆಗೆಯುವುದು. ಹಾಲಿನವನೋ, ಕೊರಿಯರಿನವನೋ ನಿಂತಿರುತ್ತಿದ್ದ. ಆಮೇಲೆ ಒಂದು ಹೊಸ ಕಾಟ ಶುರುವಾಯಿತು. ಫೋನು ನಡುಗುತ್ತದೆ, ನಾನು ಗುಂಡಿ ಒತ್ತುತ್ತೇನೆ, ಹೋಗಿ ಬಾಗಿಲು ತೆಗೆಯುತ್ತೇನೆ, ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಮೆಟ್ಟಿಲಿನಲ್ಲಿ ಇಳಿದ ಹೆಜ್ಜೆಯ ಸದ್ದಿಲ್ಲ, ಲಿಫ್ಟು ಅಲ್ಲಾಡಿಲ್ಲ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಮಾಯವಾಗಬಲ್ಲವರು ಈ ಅಂತಸ್ತಿನಲ್ಲಿ ಒಬ್ಬರೇ. ನಿನ್ನ ಎದುರುಮನೆ ಅತ್ತೆ.

ಅವಳ ಮೇಲೆ ಹೇಗೆ ಅನುಮಾನ ಪಡುತ್ತೀ, ನನ್ನನ್ನು ಎತ್ತಿ ಆಡಿಸಿದವಳು ಅಂತ ನೀನು ಈಗ ಮುಖ ಊದಿಸಿಕೊಳ್ಳುತ್ತೀ. ಪೂರ್ತಿ ಓದು. ನಾನು ಹೊಸ್ತಿಲಾಚೆ ಮುಖದ ಪೌಡರು ಉದುರಿಸಿ ಇಟ್ಟೆ, ಹೆಜ್ಜೆ ಮೂಡಲಿ ಎಂದು. ಬೆಲ್ ಆಯಿತು, ತೆಗೆದು ನೋಡಿದರೆ ಪೌಡರು ಹಾಗೇ ಇತ್ತು. ತನ್ನ ಹೊಸ್ತಿಲಲ್ಲೇ ನಿಂತು ಕೊಡೆಯ ತುದಿಯಿಂದ ಒತ್ತುತ್ತಾಳೆ ಎಂದುಕೊಂಡೆ. ಯಾಕೆ ಅಂತ ಕಾರ್ಖಾನೆಯಲ್ಲಿ ಗೊತ್ತಾಯಿತು. ಅವಳೂ ನಮ್ಮಲ್ಲೇ ಪ್ಯಾಕಿಂಗ್ ವಿಭಾಗದಲ್ಲಿ ಇರುವವಳು, ನಾನು ಚೀಟಿ ಅಂಟಿಸಿದ ಫ್ಯಾನನ್ನು ಪೆಟ್ಟಿಗೆಗೆ ಹಾಕುವುದಷ್ಟೇ ಅವಳ ಕೆಲಸ. ಒಂದು ಮಧ್ಯಾಹ್ನ ಊಟಕ್ಕೆ ಎದ್ದವಳು ಬುತ್ತಿ ಮರೆತು ಹಿಂದಿರುಗಿದೆ. ಇವಳು ನನ್ನ ಫ್ಯಾನುಗಳನ್ನು ಒಂದೊಂದಾಗಿ ಮತ್ತೆ ಕೊಕ್ಕೆಗೆ ಹಾಕಿ ಓಡಿಸುತ್ತಿದ್ದಾಳೆ! ಒಂದರ ಹಸಿರು ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ಅದನ್ನು ರಿಪೇರಿಯ ಸಾಲಿಗೆ ತಳ್ಳಿದಳು.

ನನ್ನ ಮೈ ಉರಿದುಹೋಯಿತು. ಮನೆಯಲ್ಲಿ ಬೆಲ್ ಒತ್ತಿ ನನ್ನ ತಲೆ ಕೆಡಿಸುವುದು, ಇಲ್ಲಿ ನನ್ನ ಕೆಲಸದಲ್ಲಿ ತಪ್ಪು ಹುಡುಕುವುದು, ಕೊನೆಗೆ ನನ್ನ ಕುರ್ಚಿಯಲ್ಲಿ ತಾನು ಕೂರುವುದು. ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಸೀದಾ ಮೇಲ್ವಿಚಾರಕನ ಬಳಿ ಹೋಗಿ, ಪ್ಯಾಕಿಂಗಿನವರು ಪರೀಕ್ಷೆಯಾದ ಮಾಲಿಗೆ ಕೈ ಹಾಕುತ್ತಿದ್ದಾರೆ ಎಂದು ದೂರು ಕೊಟ್ಟೆ. ಅವನು ಅವಳನ್ನು ಕರೆದು ಕೇಳಿದ. ಅವಳು ನನ್ನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು, ಹೌದು ತಪ್ಪಾಯಿತು ಅಂದಳು. ಅವಳನ್ನು ಗೋದಾಮಿಗೆ ಹಾಕಿದರು. ಫ್ಯಾನಿನ ಕಾರ್ಖಾನೆಯಾದರೂ ಅಲ್ಲಿ ಗಾಳಿಗೆ ಒಂದೂ ಫ್ಯಾನಿಲ್ಲ, ಗೊತ್ತಲ್ಲ. ವಾದಿಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ತಪ್ಪೊಪ್ಪಿಕೊಂಡು ಹೋಗಿದ್ದು ಊಟದಲ್ಲಿ ಕಲ್ಲು ಸಿಕ್ಕಿದ ಹಾಗೆ ಆಯಿತು.

ಅದೇ ವಾರ ಇನ್ನೊಂದು. ನಮ್ಮಲ್ಲಿ 'ಅಳಿಯ' ಅಂತ ಒಬ್ಬ ಇದ್ದಾನೆ, ನೆನಪಿದೆಯಾ? ಚಿಕ್ಕವಳಿದ್ದಾಗ ಅವನ ಕಥೆ ಕೇಳಿ ಬಿದ್ದು ಬಿದ್ದು ನಗುತ್ತಿದ್ದೆ. ಪರೀಕ್ಷೆ ಮಾಡುವವರು ಎಚ್ಚರವಾಗಿದ್ದಾರೋ ಇಲ್ಲವೋ ನೋಡಲು ಮೇಲ್ವಿಚಾರಕ ಬೇಕೆಂದೇ ಬೇರಿಂಗ್ ಕೆಡಿಸಿದ ಒಂದು ಫ್ಯಾನನ್ನು ಒಳ್ಳೆಯವುಗಳ ನಡುವೆ ಸೇರಿಸಿ ಕಳಿಸುತ್ತಾನೆ. ಫ್ಯಾನಿನ ಮೇಲ್ತುದಿಯ ಬಟ್ಟಲಿನ ಒಳಗೆ ಕಾಣದ ಹಾಗೆ ಒಂದು ಕೆಂಪು ಗುರುತು. ಹೇಳದೆ ಕೇಳದೆ ಬರುತ್ತಾನೆ, ನೋಡಲು ಲಕ್ಷಣವಾಗಿರುತ್ತಾನೆ, ಓಡಿಸಿ ನೋಡಿದ ಮೇಲೇ ಬಣ್ಣ ಬಯಲಾಗುವುದು, ಅದಕ್ಕೇ ಆ ಹೆಸರು. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಯಾವ ಅಳಿಯನ ಬೇಳೆಯೂ ಬೆಂದಿರಲಿಲ್ಲ. ಮೊನ್ನೆ ಗುರುವಾರ ಮೇಲ್ವಿಚಾರಕ ನನ್ನ ಪಕ್ಕ ಬಂದು, ಅಕ್ಕಾ, ಅಳಿಯ ದಾಟಿಬಿಟ್ಟಿದ್ದಾನೆ, ಪೆಟ್ಟಿಗೆಯಲ್ಲಿ ಸಿಕ್ಕಿದ ಅಂದ. ಮೆಲ್ಲಗೆ ಅಂದಿರಬೇಕು, ಎರಡು ಸಲ ಹೇಳಿಸಿಕೊಂಡೆ. ನಾನು ನಂಬಲಿಲ್ಲ. ಚೀಟಿ ಅಂಟಿಸಿದ ಮೇಲೆ ಯಾರೋ ಬದಲಾಯಿಸಿದ್ದಾರೆ ಎಂದು ಜಗಳವಾಡಿದೆ. ಅವನು ವಾದಿಸದೆ ಚಹಾ ತರಿಸಿಕೊಟ್ಟ. ಅದೂ ನನಗೆ ಅನುಮಾನವೇ.

ಇನ್ನು ನೆನ್ನೆಯ ಮಾತು. ಭಾನುವಾರ, ರಜೆ. ಇವಳನ್ನು ಕೈಯಾರೆ ಹಿಡಿಯಬೇಕೆಂದು ಬಾಗಿಲ ಹಿಂದೆ ಮಣೆ ಹಾಕಿಕೊಂಡು ಕೂತೆ. ಆಗ ಹೊಳೆಯಿತು, ಬೆಲ್ಲನ್ನೇ ಬಂದ್ ಮಾಡೋಣ, ಅವಳು ಒತ್ತಿ ಒತ್ತಿ ಬೆರಳು ನೋಯಿಸಿಕೊಳ್ಳಲಿ ಎಂದು. ಸ್ಟೂಲು ಹತ್ತಿ, ಬೆಲ್ಲಿನ ಡಬ್ಬಿ ತೆರೆದು, ತಂತಿಯನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಇನ್ನೂ ಸ್ಟೂಲಿನ ಮೇಲೇ ಇದ್ದೇನೆ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನು ನಡುಗಿತು. ಬಾಗಿಲ ಬೆಲ್.

ನನ್ನ ಹೆಬ್ಬೆರಳು ತನ್ನಷ್ಟಕ್ಕೆ ಹೋಗಿ 'ನನಗೂ ಕೇಳಿಸಿತು' ಒತ್ತಿತು, ಪುಟ್ಟೀ. ಒಂದು ಕೈಯಲ್ಲಿ ಕಿತ್ತ ತಂತಿ, ಇನ್ನೊಂದು ಕೈಯಲ್ಲಿ ಆ ಗುಂಡಿ. ತಂತಿ ಹಿಡಿದುಕೊಂಡೇ ಸ್ಟೂಲಿನಿಂದ ಇಳಿದೆ.

ಅಲ್ಲಿಗೆ ಎಲ್ಲ ತಿಳಿಯಿತು. ನೀನು ಫೋನಿನೊಳಗೆ ಅಳಿಯನನ್ನು ಕಳಿಸಿದ್ದೀ. ಬೆಲ್ಲೇ ಆಗದಿದ್ದಾಗ ಸುಮ್ಮನೆ ನಡುಗಿಸಿ, ಯಾರು ಕೇಳಿಸಿತು ಅನ್ನುತ್ತಾರೆ ಎಂದು ನೋಡುತ್ತಿದ್ದೀ. ನನ್ನ ಕಾರ್ಖಾನೆಯ ಕಥೆ ಕದ್ದು ನನ್ನ ಮೇಲೇ ಪ್ರಯೋಗ ಮಾಡಿದ್ದೀಯಲ್ಲ, ನಿನಗೆ ಹೇಗೆ ಮನಸ್ಸು ಬಂತು? ಈಚೆಗೆ ನೀನು ನನ್ನ ವರದಿಯ ಬಗ್ಗೆ ಏನೂ ಹೇಳದೆ, ಊಟ ಆಯಿತಾ ಅಂತಷ್ಟೇ ಬರೆಯುತ್ತಿದ್ದುದು ಯಾಕೆಂದು ಈಗ ಗೊತ್ತಾಯಿತು.

ಸೆರಗು ಸರಿಮಾಡಿಕೊಂಡು ಎದುರುಮನೆಗೆ ಹೋದೆ. ಇದರಲ್ಲಿ ಅವಳ ಕೈವಾಡ ಇದೆಯಾ ಎಂದು ಅವಳನ್ನೇ ಕೇಳಿದೆ. ಅವಳು ಟಿವಿ ಆರಿಸಿ, ಕಿಟಕಿಯ ಬೆಳಕಿಗೆ ಬಂದು, ನನ್ನ ಎದುರಿಗೇ ಕೂತು ಹೇಳಿದಳು. ಹೌದಂತೆ. ನಿನಗೆ ಫೋನ್ ಮಾಡಿ, ನಿನ್ನ ಪರೀಕ್ಷಕರಲ್ಲಿ ಅಮ್ಮನನ್ನೂ ಸೇರಿಸಿಕೋ ಅಂದವಳು ಅವಳೇ ಅಂತೆ. ಯಾಕೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳು ಮಾತಾಡುವಾಗೆಲ್ಲ ಹೀಗೆ ಎದುರು ಬಂದು, ಬೆಳಕಿಗೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ ಆಡುತ್ತಾಳೆ. ಎಷ್ಟೋ ಕಾಲದಿಂದ ಹಾಗೆಯೇ. ಅದು ಅವಳ ಒರಟು ಸ್ವಭಾವ ಎಂದುಕೊಂಡಿದ್ದೆ. ಫ್ಯಾನುಗಳ ಬಗ್ಗೆ ಕೇಳಿದ್ದಕ್ಕೆ, ಸದ್ದು ಮಾಡುವವನ್ನಷ್ಟೇ ವಾಪಸ್ ಕಳಿಸುತ್ತಿದ್ದೆ, ಬೇರೆಯವರ ಕಣ್ಣಿಗೆ ಬೀಳುವುದು ಬೇಡ ಅಂತ ಅಂದಳು. ಅವು ಸದ್ದು ಮಾಡುತ್ತಿದ್ದವಂತೆ. ನಾನು ಮಾತ್ರ, ಈಗಿನ ಕೆಲಸಗಾರರು ಎಷ್ಟು ಚೆನ್ನಾಗಿ ಮಾಡುತ್ತಾರೆ, ಒಂದು ಫ್ಯಾನೂ ಗೊರಗುಟ್ಟುವುದಿಲ್ಲ ಅಂತ ಊರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದೆ.

ಅವಳ ಮೇಜಿನ ಮೇಲೆ ಗೋದಾಮಿನ ಧೂಳಿಗೆ ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆ ಒಗೆದು ಮಡಿಸಿಟ್ಟಿತ್ತು. ಅದನ್ನು ನೋಡಿ ನನಗೆ ಅಳು ಬಂತು. ಅಲ್ಲಿ ಅಳಲಿಲ್ಲ, ಮನೆಗೆ ಬಂದು ಅತ್ತೆ.

ಈಗ ಕೆಲಸದ ಮಾತು. ಮುಂದಿನ ತಿಂಗಳು ಆ್ಯಪ್ ಎಲ್ಲರ ಕೈಗೆ ಹೋಗುತ್ತದೆ ಅಂದಿದ್ದೀ. ಎಲ್ಲೋ ಒಬ್ಬಳು ಒಂಟಿ ಹೆಂಗಸು ಅದನ್ನು ನಂಬಿ ಒಲೆ ಹಚ್ಚಿ ಮಲಗುತ್ತಾಳೆ. ಕೇಳಿಸದಿದ್ದರೂ ಕೇಳಿಸಿತು ಅಂದವರ ಮಾತಿನ ಮೇಲೆ ನೀನು ಅದನ್ನು ಬಿಡುಗಡೆ ಮಾಡಬಾರದು. ಆದ್ದರಿಂದ ನಾನು ಒತ್ತಿದ 'ನನಗೂ ಕೇಳಿಸಿತು'ಗಳನ್ನೆಲ್ಲ, ಮೊದಲ ದಿನದ್ದನ್ನೂ ಸೇರಿಸಿ, ಲೆಕ್ಕದಿಂದ ತೆಗೆದುಹಾಕು. ಕಾರಣ ಕೇಳಬೇಡ. ಆಗೆಲ್ಲ ನನ್ನ ಗಮನ ಬೇರೆ ಕಡೆ ಇತ್ತು ಎಂದು ತಿಳಿದುಕೋ.

ಸಿಟ್ಟು ಪೂರ್ತಿ ಇಳಿದಿಲ್ಲ. ಆದರೂ ಕೇಳುತ್ತಿದ್ದೇನೆ, ಹೇಗಿದ್ದೀ? ಹೊತ್ತಿಗೆ ಸರಿಯಾಗಿ ತಿನ್ನುತ್ತೀಯಾ? ಉತ್ತರವನ್ನು ಬರೆದೇ ಕಳಿಸು.

ನಿನ್ನ ಮೇಲೆ ಇನ್ನೂ ಒಂದು ಕಣ್ಣಿಟ್ಟಿರುವ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು. ಇವತ್ತು ಮಂಗಳವಾರ. ಬೆಳಿಗ್ಗೆ ಮೇಲ್ವಿಚಾರಕನಿಗೆ ಎಲ್ಲ ಹೇಳಿದೆ. ನಿನ್ನ ಎದುರುಮನೆ ಅತ್ತೆ ನಾಳೆಯಿಂದ ಕೊನೆಯ ಕೋಣೆಯಲ್ಲಿ ನನ್ನ ಕುರ್ಚಿಯಲ್ಲಿ ಕೂರುತ್ತಾಳೆ. ನನಗೆ ರೆಕ್ಕೆಗಳ ತೂಕ ಸರಿಹೊಂದಿಸುವ ಮೇಜು ಕೊಟ್ಟಿದ್ದಾರೆ, ಅದಕ್ಕೆ ಕಣ್ಣು ಸಾಕು. ನೀನೂ ನನ್ನನ್ನು ಆ ಇನ್ನೊಂದು ಗುಂಪಿಗೆ ಹಾಕಿಬಿಡು. ಸಂಜೆ ಬಂದು ಬೆಲ್ಲಿನ ತಂತಿ ಸಿಕ್ಕಿಸಿ ಕೂತಿದ್ದೆ, ಫೋನು ನಡುಗಿತು. ನನಗೇನೂ ಕೇಳಿಸಲಿಲ್ಲ. ಮೊದಲ ಸಲ ಎರಡನೆಯ ಗುಂಡಿ ಒತ್ತಿದೆ. ಅಳಿಯನೇ ಇರಬೇಕು ಎಂದುಕೊಂಡು ಬಾಗಿಲು ತೆಗೆದರೆ ಅವಳು ನಿಂತಿದ್ದಳು. ಬಹಳ ಹೊತ್ತಿನಿಂದ ಒತ್ತುತ್ತಿದ್ದೀಯಾ ಅಂತ ಕೇಳಿದೆ. ಇಲ್ಲ, ಒಂದೇ ಸಲ ಅಂದಳು. ಈ ವರದಿಯನ್ನು ನೀನು ನಂಬಬಹುದು.