ಹೊಸ ಸರ್ವರ್‌ಗೆ ಇಟ್ಟ ಹೆಸರು

ಎಂ.ಸಿ.ಸಿ. 'ಬಿ' ಬ್ಲಾಕ್, ದಾವಣಗೆರೆ
16 ನವೆಂಬರ್ 2025, ಭಾನುವಾರ

ಪ್ರೀತಿಯ ಅವ್ವಾ,

ಕೆಮ್ಮು ಹೇಗಿದೆ? ಮೆಟ್ಟಿಲು ಹತ್ತುವಾಗ ಈಗಲೂ ಏದುಸಿರು ಬರುತ್ತದೆಯೇ? ಹರಿಹರದಲ್ಲಿ ಹೊಳೆಯ ಗಾಳಿ ತಣ್ಣಗೆ ಬೀಸುತ್ತದೆ, ಕಿಟಕಿ ತೆರೆದು ಮಲಗಬೇಡ. ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ. ಉಳಿದ ಅರ್ಧವನ್ನು ಕೃತಿಕಾ ತನಗೆ ಸರಿಕಂಡಂತೆ ತಿದ್ದಿ ಹೇಳುತ್ತಾಳೆ. ಅಕ್ಕನ ಮಾತು ತಿದ್ದುವ ಚಟ ಅವಳಿಗೆ ಮದುವೆಯಾದ ಮೇಲೂ ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಸ್ಕ್ಯಾನಿಂಗ್ ಸೆಂಟರಿನ ಡ್ರೈವರ್ ಹಾಲಸ್ವಾಮಿ ಸಂಜೆ ಹರಿಹರದ ಶಾಖೆಗೆ ಬರುವಾಗ ಇದನ್ನು ನಿನ್ನ ಕೈಗೇ ಕೊಡುತ್ತಾನೆ.

ನಿನ್ನ ಶ್ವಾಸಕೋಶದ ಗಂಟನ್ನು ಮಂಗಳವಾರ ಆಪರೇಷನ್ ಮಾಡಿ ತೆಗೆಯಬೇಕೋ ಬೇಡವೋ ಎನ್ನುವುದನ್ನು, ಏಳು ವರ್ಷದ ಹಿಂದೆ ಇಲ್ಲಿ ಮಾಡಿಸಿದ ಸ್ಕ್ಯಾನನ್ನು ಮೊನ್ನೆ ನಮ್ಮ ಹರಿಹರದ ಶಾಖೆಯಲ್ಲಿ ತೆಗೆದದ್ದರ ಜೊತೆ ಹೋಲಿಸಿ ನೋಡಿ ತೀರ್ಮಾನಿಸುವುದಾಗಿ ಅಲ್ಲಿನ ಡಾಕ್ಟರು ಹೇಳಿದ್ದಾರೆ. ಅಂದಿನಷ್ಟೇ ಇದ್ದರೆ ಬೇಡ. ಬೆಳೆದಿದ್ದರೆ ತಡ ಮಾಡುವಂತಿಲ್ಲ. ನೀನು, "ಹಳೇದು ನಯನಾನ ಆಫೀಸಿನಾಗೇ ಐತಲ್ಲ, ಒಂದು ಗಳಿಗಿ ಕೆಲಸ" ಎಂದೆಯಂತೆ. ಇಲ್ಲೇ ಇದೆ ಅವ್ವಾ. ನಿನ್ನ ಹೆಸರು, ವಯಸ್ಸು ಎಲ್ಲ ಪರದೆಯ ಮೇಲೆ ಕಾಣುತ್ತವೆ. ತೆರೆದುಕೊಳ್ಳುವುದಿಲ್ಲ, ಅಷ್ಟೇ.

ಯಾಕೆಂದು ಹೇಳುತ್ತೇನೆ. ಸ್ಕ್ಯಾನ್‌ಗಳನ್ನು ಇಡುವ ಸರ್ವರ್ ನಮ್ಮಲ್ಲಿ ಎರಡು. ಒಂದು ಕೆಟ್ಟರೆ ಇನ್ನೊಂದು ಕೆಲಸ ಹಿಡಿಯುತ್ತದೆ. ಜೋಡಿಗೆ ಸೇರಿ ಹೆಸರು ಮಾತ್ರ ಒಂದೇ. ಹಳೆಯ ಸ್ಕ್ಯಾನ್‌ಗಳು ಅವುಗಳೊಳಗೆ ಇರುವುದಿಲ್ಲ. ಆರ್ಕೈವ್ ಸಾಫ್ಟ್‌ವೇರ್ ಅವನ್ನು ಬೇರೆ ಉಗ್ರಾಣಕ್ಕೆ ಸಾಗಿಸಿ, ಇದ್ದ ಜಾಗದಲ್ಲಿ ಒಂದು ಗುರುತು ಬಿಟ್ಟಿರುತ್ತದೆ. ಗುರುತನ್ನು ಒತ್ತಿದರೆ ಅಸಲು ಬರುತ್ತದೆ. ಆದರೆ ಕೇಳುವ ಸರ್ವರ್‌ನ ಹೆಸರು ಆ ಸಾಫ್ಟ್‌ವೇರ್‌ಗೆ ಪರಿಚಯವಿರಬೇಕು. ಹೋದ ವಾರ ಹಳೆಯ ಜೋಡಿ ತೆಗೆದು ಹೊಸದನ್ನು ಕೂರಿಸಿದೆವು. ಹೆಸರು ಬದಲಾಗಬಾರದೆಂದು ನಾನು ಮೊದಲೇ ಹೇಳಿದ್ದೆ. ಮಾಲೀಕರಾದ ವಾಮದೇವಪ್ಪನವರು ಯಂತ್ರಗಳಿಗೆ ವಿಭೂತಿ ಹಚ್ಚಿ, ಹಾರ ಹಾಕಿ, ಬೀಗರ ಮುಂದೆ ಕೇಳಿದರು: "ಹೊಸ ಮನಿಗೆ ಹಳೇ ಹೆಸ್ರು ಯಾರಾರ ಇಡ್ತಾರೇನಮ್ಮ? ನಮ್ಮವ್ವನ ಹೆಸ್ರು ಇಡು." ನಾನು ಆಗದೆಂದೆ. ಯಂತ್ರ ಮಾರಿದವರ ಕಡೆಯ ಚೌಡೇಶ್ ಆಗುತ್ತದೆಂದು ಅಲ್ಲೇ ಕೂತು 'ಕಸ್ತೂರಮ್ಮ' ಎಂದು ಇಟ್ಟುಬಿಟ್ಟ. ಪೇಡೆ ತಿಂದು ಹೋದ.

ಅಂದಿನಿಂದ ಹಳೆಯದು ಒಂದೂ ಬರುತ್ತಿಲ್ಲ. ಕಸ್ತೂರಮ್ಮ ಯಾರೆಂದು ತಮ್ಮ ಸಾಫ್ಟ್‌ವೇರ್‌ಗೆ ಗೊತ್ತಿಲ್ಲ, ಹಿಂದಿನ ಹೆಸರನ್ನೇ ಇಡಿ ಎಂದು ಆರ್ಕೈವ್ ಕಂಪನಿಯವರು ಹೇಳುತ್ತಾರೆ. ಚೌಡೇಶ್ ಫೋನ್ ಎತ್ತುವುದಿಲ್ಲ. ವಾಮದೇವಪ್ಪನವರು ಪರದೆಯ ಮೇಲೆ ಸಾಲು ಸಾಲು ಹೆಸರು ನೋಡಿ, "ಎಲ್ಲಾ ಐತಲ್ಲಮ್ಮ" ಎನ್ನುತ್ತಾರೆ. ನಿನ್ನ ವಿಷಯ ಹೇಳಿ ಬೇಡಿಕೊಂಡೆ. ಕೆಟ್ಟವರಲ್ಲ, ಅವರ ಕಣ್ಣಲ್ಲಿ ನೀರೇ ಬಂತು. "ನಿಮ್ಮವ್ವಗ ಇನ್ನೊಂದು ಹೊಸ ಸ್ಕ್ಯಾನ್ ಪುಕ್ಕಟೆ ಮಾಡಿಸ್ತೀನಿ. ತೀರಿಕೊಂಡಾಕಿ ಹೆಸ್ರು ಇಟ್ಟು, ವಾರದಾಗ ಹೆಂಗೆ ಅಳಸ್ಲಿ, ನೀನೇ ಹೇಳು" ಎಂದರು. ಏಳು ವರ್ಷದ ಹಿಂದಿನ ಗಂಟು ಹೊಸ ಸ್ಕ್ಯಾನಿನಲ್ಲಿ ಹೇಗೆ ಕಾಣುತ್ತದೆಂದು ಕೇಳಿದೆ. ಅದಕ್ಕೆ ಅವರು ಚಹಾ ತರಿಸಿದರು.

ನನ್ನಿಂದ ಸುದ್ದಿ ಬರುವ ತನಕ ಆಪರೇಷನ್ನಿಗೆ ಹೂಂ ಎನ್ನಬೇಡ. ಕೃತಿಕಾ ಅವಸರ ಮಾಡಿದರೆ ಈ ಕಾಗದ ತೋರಿಸು. ಅವಳಿಗೂ ಅವಳ ಮನೆಯವರಿಗೂ ನನ್ನ ನೆನಪು ಹೇಳು. ನಿನ್ನ ಪಾದಕ್ಕೆ ನಮಸ್ಕರಿಸುವ,

ನಯನಾ

ತಾ.ಕ.: ಹಾಲಸ್ವಾಮಿ ಹಾರ್ನ್ ಹೊಡೆಯುತ್ತಿದ್ದಾನೆ. ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇಷ್ಟು ಸೇರಿಸುತ್ತಿದ್ದೇನೆ. ಸರ್ವರ್ ಕೋಣೆಗೆ ಹೋಗಿ, ಯಾರನ್ನೂ ಕೇಳದೆ, ಹಳೆಯ ಹೆಸರು ಇಟ್ಟುಬಿಟ್ಟೆ. ನಿನ್ನ ಸ್ಕ್ಯಾನ್ ಬಂತು. ಡ್ಯೂಟಿಯಲ್ಲಿದ್ದ ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರು, ಗಂಟು ಬೆಳೆದಿಲ್ಲ. ಸಿ.ಡಿ. ಇದರ ಜೊತೆಗಿದೆ, ನಾಳೆಯೇ ತೋರಿಸು. ವಾಮದೇವಪ್ಪನವರು ಬೆಳಿಗ್ಗೆ ಬರುತ್ತಾರೆ. ಬೇರೆಯವರು ಬಾಯಿ ಬಿಡುವ ಮೊದಲು ನಾನೇ ಹೇಳುತ್ತೇನೆ. ಕೆಲಸ ಉಳಿಯದಿದ್ದರೆ ಮಧ್ಯಾಹ್ನದ ಬಸ್ಸಿಗೆ ಅಲ್ಲಿಗೇ ಬರುವೆ. ಎರಡು ರೊಟ್ಟಿ ಹೆಚ್ಚಿಗೆ ಬಡಿಯಲು ಕೃತಿಕಾಳಿಗೆ ಹೇಳು.