ಮಗ್ಗದ ತಾಳಕ್ಕೆ ಕ್ರಿಸ್‌ಮಸ್ ಪದ

ಸೇಲಂ
27 ಡಿಸೆಂಬರ್ 2025

ಪ್ರೀತಿಯ ತಂಗಿ ಅಮಲಾ,

ಮಠದಲ್ಲಿ ನಿನಗೆ ಯಾವ ಸಂತಳ ಹೆಸರಿಟ್ಟರೂ ನನ್ನ ಬಾಯಿಗೆ ನೀನು ಅಮಲಾನೇ. ಹೇಗಿದ್ದೀಯ? ಏರ್ಕಾಡಿನ ಚಳಿಗೆ ಮೂಗು ಕಟ್ಟುವುದು ನಿಂತಿತೇ? ನಾನು ಕಳಿಸಿದ ಸ್ವೆಟರನ್ನು ನೀನೇ ಹಾಕಿಕೊಳ್ಳುತ್ತಿದ್ದೀಯೋ, ಯಾರೋ ವಯಸ್ಸಾದ ಸಿಸ್ಟರಿಗೆ ಕೊಟ್ಟು ಪುಣ್ಯ ಕಟ್ಟಿಕೊಂಡೆಯೋ? ಕೊಟ್ಟಿದ್ದರೆ ಆ ಪುಣ್ಯದಲ್ಲಿ ಅರ್ಧ ನನ್ನ ಪಾಲು, ಅಂಗಡಿ ಅಂಗಡಿ ಅಲೆದವಳು ನಾನು. ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲಿಗೆ ನೋವಿದೆ, ಬಾಯಿಗೆ ಯಾವ ತೊಂದರೆಯೂ ಇಲ್ಲ.

ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲ ಮುಗಿಯುವವರೆಗೆ ನಿಮಗೆ ಕಾಗದ ಕೊಡುವುದಿಲ್ಲ ಎಂಬ ನಿಯಮದಿಂದ ಇಷ್ಟು ದಿನ ಸುದ್ದಿಯನ್ನು ಬಾಯೊಳಗೇ ಇಟ್ಟುಕೊಂಡಿದ್ದೇನೆ. ನನ್ನಂಥವಳಿಗೆ ಅದು ಉಪವಾಸಕ್ಕಿಂತ ಕಷ್ಟ. ಹಿಂದಿನ ಕಾಗದದಲ್ಲಿ ನೀನು ಕೇಳಿದ್ದು ಒಂದೇ ಮಾತು: ಫೆಬ್ರವರಿಯಲ್ಲಿ ಕಡೆಯ ವ್ರತ ತೆಗೆದುಕೊಳ್ಳುವ ದಿನ ಅಮ್ಮ ಬರುತ್ತಾಳೆಯೇ? ಓದಿ ಹೇಳಿದೆ. "ಆ ಬಸ್ಸು ತಿರುವಿಗೊಂದು ಸಲ ತಲೆ ಸುತ್ಸುತೈತೆ, ನನ್ ಕೈಲಾಗಲ್ಲ" ಎಂದಳು. ಪಾಪ, ಬಸ್ಸಿನದೇನೂ ತಪ್ಪಿಲ್ಲ. ನೀನು ಮಠಕ್ಕೆ ಹೊರಟುಹೋದ ಮೇಲೆ ಅವಳು ನಿನ್ನ ಹೆಸರೆತ್ತಿರಲಿಲ್ಲ, ಹಾಡಿಗೂ ಬಾಯಿ ತೆರೆದಿರಲಿಲ್ಲ. ಅದನ್ನು ನಾನು ಬರೆದು ನಿನ್ನ ಪ್ರಾರ್ಥನೆ ಕೆಡಿಸಲಿಲ್ಲ ಅಷ್ಟೇ.

ಆ ಸಮಯಕ್ಕೇ ನಮ್ಮ ಗುಡಿಯ ಕ್ವಾಯರ್ ಮಾಸ್ಟರ್ ಪ್ರಭಾಕರ್ ಹಬ್ಬದ ಹಾಡುಗಳಿಂದ ಅಜ್ಜಿಯ ಪದಗಳನ್ನು ಕೈಬಿಟ್ಟರು. ಮಾರಂಡಹಳ್ಳಿಯಿಂದ ಮದುವೆಯಾಗಿ ಬರುವಾಗ ಅಜ್ಜಿ ಸೀರೆಗಂಟಿನ ಜೊತೆ ತಂದ ಪದಗಳವು. ಮಾಸ್ಟರು ಹೇಳಿದ್ದು ಹೀಗೆ: "ಸುಂದರಿಯಕ್ಕಾ, ಕೋಪಪಡಬೇಡಿ. ಕನ್ನಡ ಯಾರುಕ್ಕು ಪುರಿಯುಂ, ಯಾರಿಗೆ ತಿಳೀತೈತೆ? ನಮ್ ಮಕ್ಳಿಗೇ ಬರಾಕಿಲ್ಲ." ನಾನು ಕೋಪ ಮಾಡಿಕೊಳ್ಳಲಿಲ್ಲ. ಸೀರೆಯನ್ನೂ ಹಾಡನ್ನೂ ಒಂದೇ ಬಾಯಲ್ಲಿ ಮಾರಿ, ಧರ್ಮಪುರಿಯವರೆಗೂ ಮದುವೆ ಮನೆಗಳಲ್ಲಿ ಹೆಸರು ಮಾಡಿದವಳು ನಾನು. ಸರಕು ಬೇಡವೆಂದವನ ಹತ್ತಿರ ವಾದ ಮಾಡಬಾರದು, ಅವನ ಎದುರು ಮನೆಗೆ ಮಾರಬೇಕು. ಪದಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಊರಿನವರ ಫೋನುಗಳಿಗೆ ಹಂಚುವುದೆಂದು ತೀರ್ಮಾನಿಸಿದೆ.

ಮಾಳಿಗೆಯ ಮೂಲೆಯಲ್ಲಿ ಮೈಕು ಇಟ್ಟು ಸುತ್ತಲೂ ಸೀರೆಯ ಮೂಟೆ ಪೇರಿಸಿದೆ. ಹೋದ ದೀಪಾವಳಿಗೆ ಯಾರೂ ಮುಟ್ಟದ ಆ ಪಾಚಿ ಬಣ್ಣದ ಸೀರೆಗಳು ಗೋಡೆಯಾಗಿಯಾದರೂ ಕೆಲಸಕ್ಕೆ ಬಂದವು. ಇನ್ನು ಬೀದಿಯ ಮಗ್ಗಗಳ ಸದ್ದು. ಅದಕ್ಕೂ ದಾರಿ ಕಂಡುಕೊಂಡೆ: ಅಮಾವಾಸ್ಯೆ! ಆವತ್ತು ಬೀದಿಯಲ್ಲಿ ಒಂದು ಮಗ್ಗವೂ ಆಡುವುದಿಲ್ಲ. ನಮ್ಮಮ್ಮನೇ ಕೊರಳಲ್ಲಿ ಶಿಲುಬೆ ಹಾಕಿಕೊಂಡು ಅಮಾವಾಸ್ಯೆ ದಿನ ಮಗ್ಗದ ಗುಂಡಿಗೆ ಇಳಿಯುವುದಿಲ್ಲವಲ್ಲ. ಬೀದಿ ಸತ್ತಂತೆ ಮಲಗಿತ್ತು. ಹಾಡಿದೆ. ಕೇಳಿ ನೋಡಿದರೆ, ಶಂಕಗಿರಿಯ ಲಾರಿ ಬ್ರೇಕಿಲ್ಲದೆ ಇಳಿಜಾರಿಗೆ ಬಿದ್ದಂತೆ ಓಡಿದ್ದೇನೆ! ಮತ್ತೆ ಹಾಡಿದರೆ ಇನ್ನೂ ಜೋರು. ಹುಟ್ಟಿದಾಗಿನಿಂದ ಮಗ್ಗದ ತಾಳಕ್ಕೆ ಹಾಡಿದ ಗಂಟಲಿಗೆ ಮೌನದಲ್ಲಿ ಕಾಲೇ ನಿಲ್ಲಲಿಲ್ಲ. ಮೌನವನ್ನು ಕಾದು ಕೂತು ತಂದ ನನ್ನ ಜಾಣತನಕ್ಕೆ ನಾನೇ ನಕ್ಕೆ.

ಮಾರನೆಯ ದಿನ ಪಕ್ಕದ ಮನೆಯ ಸಣ್ಣಕ್ಕ ಮಗ್ಗದಲ್ಲಿ ಕೂತಿರುವಾಗಲೇ ಕಿಟಕಿ ತೆರೆದು ಶುರು ಮಾಡಿದೆ. ಆ ಪುಣ್ಯಾತ್ಗಿತ್ತಿ ಕೂಗಿ ಕೇಳಿದಳು, "ನಿಲ್ಲಿಸ್ಲಾ ಸುಂದರೀ?" "ಬೇಡಕ್ಕಾ, ಹಂಗೇ ಓಡ್ಸು, ನೀನೇ ತಬಲಾ" ಎಂದೆ. "ಹಂಗಾದ್ರೆ ನನ್ ಪೇರೂ ಹಾಕು, ನಮ್ಮನೇವ್ರು ನಂಬಾಕಿಲ್ಲ" ಎಂದಳು. ಅವಳ ಹೆಸರನ್ನೂ ಹಾಕಿದ್ದೇನೆ. ಲಾಳಿ ಅತ್ತಿತ್ತ ಓಡುವ ಸದ್ದಿಗೆ ಅಜ್ಜಿಯ ಪದದ ಕುರಿಗಾಹಿಗಳು ಒಬ್ಬೊಬ್ಬರಾಗಿ ಹದವಾಗಿ ನಡೆದು ಕೊಟ್ಟಿಗೆಗೆ ಬಂದರು.

ಉಳಿದದ್ದು ಎರಡನೇ ಧ್ವನಿ, ನಿನ್ನದು. ನನ್ನ ಧ್ವನಿಯನ್ನೇ ಫೋನಿನಲ್ಲಿ ಎರಡು ಸಲ ಸೇರಿಸಬಹುದಿತ್ತು. ಆದರೆ ಕೆಳಗೆ ಅಮ್ಮ ಬೆಳ್ಳುಳ್ಳಿ ಸುಲಿಯುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ನನಗೊಂದು ಉಪಾಯ ಹೊಳೆಯಿತು. ಫೋನು ಹಿಡಿದು ಅಡುಗೆಮನೆಗೇ ಹೋಗಿ, ಅವಳ ಮುಂದೆ ಕೂತು, ನಿನ್ನ ಪಾಲನ್ನು ಬೇಕಂತಲೇ ಹಾಳುಮಾಡಿ ಹಾಡಿದೆ. ಒಂದು ಸಲ ಸಹಿಸಿದಳು. ಎರಡನೇ ಸಲ ಬೆಳ್ಳುಳ್ಳಿ ತಟ್ಟೆ ಪಕ್ಕಕ್ಕೆ ತಳ್ಳಿದಳು. "ಥೂ, ನಿಲ್ಸ್ಲೇ! ನಮ್ ಅಮಲಾ ಅಲ್ಲಿ ಇಳೀತಿರ್ಲಿಲ್ಲ, ಮೇಲೇ ನಿಂತ್ಕೊಳ್ತಿದ್ಲು. ಇಂಗೆ!" ಎಂದು ಹಾಡಿಯೇ ತೋರಿಸಿದಳು. ಹಾಡಿದ ಮೇಲೆ ತಾನು ಏನು ಹೇಳಿದೆ ಎಂಬುದು ಅವಳಿಗೇ ಕೇಳಿಸಿತು. ಸ್ವಲ್ಪ ಹೊತ್ತು ಒಲೆಯ ಕಡೆ ತಿರುಗಿ ಕೂತಳು. ನಾನು ತಟ್ಟೆ ಎಳೆದುಕೊಂಡು ಉಳಿದ ಬೆಳ್ಳುಳ್ಳಿ ಸುಲಿದೆ. ಆಮೇಲೆ ಅವಳೇ "ಆ ಫೋನ್ ಒತ್ಲೇ, ಸರ್ಯಾಗಿ ಆಡ್ತೀನಿ" ಎಂದಳು. ಧ್ವನಿ ಒರಟಾಗಿದೆ, ಉಸಿರು ಚಿಕ್ಕದಾಗಿದೆ, ಸ್ವರ ಮಾತ್ರ ಮೊಳೆ ಹೊಡೆದಂತೆ ನಿಲ್ಲುತ್ತದೆ. ಎಲ್ಲ ಪದಗಳನ್ನೂ ಹಾಗೆಯೇ ಮುಗಿಸಿದೆವು.

ಹಂಚಿದ ಮೇಲೆ ನಡೆದದ್ದನ್ನು ಜಂಬವಿಲ್ಲದೆ ಬರೆಯಲು ನನಗೆ ಬರುವುದಿಲ್ಲ. ಧರ್ಮಪುರಿಯ ಕಡೆಯ ತರಕಾರಿ ಗಾಡಿಯವರು ಕೇಳುತ್ತಿದ್ದಾರೆ. ಸಣ್ಣಕ್ಕ ಬಂದವರಿಗೆಲ್ಲ "ಆ ಸದ್ದು ನಂದೇ" ಎಂದು ತೋರಿಸುತ್ತಾಳೆ. ತಮಿಳು ಬಿಟ್ಟು ಬೇರೆ ಮಾತಾಡದ ಹುಡುಗಿಯರು ಪದದ ಅರ್ಥ ಕೇಳಿಕೊಂಡು ಮನೆಗೆ ಬಂದರು. ಕೊನೆಗೆ ಪ್ರಭಾಕರ್ ಮಾಸ್ಟರೇ ಕೇಕು ಹಿಡಿದು ಬಂದು, ನನ್ನನ್ನು ದಾಟಿ ನೇರವಾಗಿ ಅಮ್ಮನ ಮುಂದೆ ನಿಂತು, "ಪಾಟಿಯಮ್ಮಾ, ಹಬ್ಬದ ಪೂಜೇಲಿ ನೀವೇ ಹಾಡ್ಬೇಕು" ಎಂದರು. ಅಮ್ಮ "ಕನ್ನಡ ಯಾರುಕ್ಕು ಪುರಿಯುಂ ಮಾಸ್ಟರ್?" ಎಂದು ಕೇಳಿ, ಅವರು ತಲೆ ಕೆರೆದುಕೊಳ್ಳುವುದನ್ನು ತೃಪ್ತಿಯಾಗಿ ನೋಡಿ, ಆಮೇಲೆ ಒಪ್ಪಿದಳು. ಹಬ್ಬದ ಬೆಳಿಗ್ಗೆ ಅವಳ ಪಕ್ಕದಲ್ಲಿ ನಿಂತು ಹಾಡುವಾಗ ನಾನು ಜನರನ್ನು ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದೆ. ಅರ್ಥವಾಗದ ಜನವೂ ಕಡೆಯ ಸಾಲನ್ನು ನಮ್ಮ ಜೊತೆ ಎತ್ತಿಕೊಂಡಿತು.

ನಿನ್ನ ಮಠದ ಮದರಿಗೆ ನನ್ನ ವಂದನೆ ತಿಳಿಸು. ಬಾಲ ಏಸು ನಿನ್ನ ಆರೋಗ್ಯವನ್ನೂ ಗಂಟಲನ್ನೂ ಕಾಪಾಡಲಿ.

ಇಂತಿ ನಿನ್ನ ಅಕ್ಕ,
ಜ್ಞಾನಸುಂದರಿ

ತಾ.ಕ.: ಲಕೋಟೆ ಅಂಟಿಸುವಾಗ ಅಮ್ಮ ಬಂದು ಕೈ ಹಿಡಿದಳು. ವ್ರತದ ದಿನ ಬರುತ್ತಾಳಂತೆ, ಅದೇ ಬಸ್ಸಿನಲ್ಲಿ. ಪೂಜೆ ಮುಗಿದ ಮೇಲೆ ಅಜ್ಜಿಯ ಕುರಿಗಾಹಿ ಪದ ಹಾಡಬೇಕಂತೆ. ಮೊದಲ ಧ್ವನಿ ತನ್ನದು, ಎರಡನೆಯದನ್ನು ನೀನು ನಿಮ್ಮ ಸಿಸ್ಟರುಗಳು ನಿಲ್ಲುವ ಕಂಬಿಯ ಒಳಗಿಂದ ಹಾಡಬೇಕು. ಮದರ್ ಹತ್ತಿರ ಈಗಲೇ ಅನುಮತಿ ಕೇಳಿ ಬರೆ. ಹಾಗಾದರೆ ನಾನೇನು ಮಾಡಲಿ ಎಂದು ಕೇಳಿದೆ. "ನೀನ್ ಸುಮ್ಕೆ ಕೂತು ಕೇಳ್ಸ್ಕೋ" ಎಂದಳು.